ರೂಢಿಯ ಆಹಾರವೂ ಒಗ್ಗದಾಗಬಹುದು



ಬಾಲ್ಯದಿಂದ ಉಂಡು ಬಂದ ಆಹಾರವು ಎಂದಿಗೂ ಕೇಡು ಮಾಡದು ಎಂಬುದು ನಮ್ಮಲ್ಲಿ ಅನೇಕರ ನಂಬಿಕೆ. ಈ ನಂಬಿಕೆಯು ಪ್ರಾಣಕ್ಕೇ ಸಂಚಕಾರ ತರಬಹುದು. ಕರಾವಳಿಯ ಆರೋಗ್ಯ ಕೇಂದ್ರವೊಂದರಲ್ಲಿ ನಾನು ಕಂಡ ಸಂಗತಿಯನ್ನು ಹೇಳುತ್ತೇನೆ.

ನಲವತ್ತು ದಾಟಿದ ಗೃಹಿಣಿಯೊಬ್ಬರಿಗೆ ಸಿಗಡಿಯ ಸಾರು ಉಂಡ ಅರ್ಧ ಗಂಟೆಯಲ್ಲಿ ಮೈತುಂಬ ದದ್ದುಗಳೆದ್ದವು. ಮನೆಯವರು ಪಿತ್ತವೆಂದು ಬಗೆದು ಪುನರ್ಪುಳಿಯ ರಸ ಹಚ್ಚಿದರು, ದದ್ದು ಇಳಿಯಿತು. ತಿಂಗಳ ಬಳಿಕ ಮತ್ತೆ ಸಿಗಡಿ ಉಂಡಾಗ ತುಟಿ ಊದಿಕೊಂಡಿತು. ಮಕ್ಕಳಿಗೆ ಬಡಿಸಿ ಮುಗಿಸುವವರೆಗೂ ಆಕೆ ಯಾರಿಗೂ ಹೇಳಲಿಲ್ಲ. ನಮ್ಮಲ್ಲಿಗೆ ಕರೆತಂದಾಗ ಉಸಿರಾಟ ಕಷ್ಟವಾಗಿ, ನಾಡಿ ಕ್ಷೀಣಿಸಿತ್ತು. ತೊಡೆಗೆ ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟ ಮೇಲೆ ಚೇತರಿಸಿಕೊಂಡರು. “ಹುಟ್ಟಿದಾಗಿನಿಂದ ತಿನ್ನುತ್ತಿದ್ದೇನಲ್ಲ ಡಾಕ್ಟರೇ, ಈಗೇಕೆ ಹೀಗೆ?” ಎಂದು ಕೇಳಿದರು.

ಪ್ರಶ್ನೆ ಸಹಜವಾದುದೇ. ರೋಗಾಣುಗಳನ್ನು ಎದುರಿಸಬೇಕಾದ ಶರೀರದ ರಕ್ಷಣಾ ವ್ಯವಸ್ಥೆಯು ನಿರಪಾಯಕರ ಆಹಾರವನ್ನೇ ಶತ್ರುವೆಂದು ತಪ್ಪಾಗಿ ಗುರುತಿಸುವುದುಂಟು. ಇದೇ ಅಲರ್ಜಿ. ಈ ತಪ್ಪು ಯಾವ ವಯಸ್ಸಿನಲ್ಲಾದರೂ ಆರಂಭವಾಗಬಹುದು. ದೊಡ್ಡವರಾದ ಮೇಲೆ ಹೊಸದಾಗಿ ತೋರುವ ಆಹಾರದ ಅಲರ್ಜಿಗಳಲ್ಲಿ ಸಿಗಡಿ, ಏಡಿಗಳದು ಮುಖ್ಯವಾದುದು. ಇವುಗಳಲ್ಲಿರುವ ಟ್ರೋಪೋಮಯೋಸಿನ್ ಎಂಬ ಸಸಾರಜನಕ ವಸ್ತುವು ಬೇಯಿಸಿದರೂ ನಾಶವಾಗದು. ಆದುದರಿಂದ ಒಣಸಿಗಡಿಯ ಚಟ್ನಿಯೂ ಇಂಥವರಿಗೆ ವರ್ಜ್ಯ. ಮೀನಿನ ಅಲರ್ಜಿ ಬೇರೆ. ಸಿಗಡಿ ಒಗ್ಗದವರೆಲ್ಲರೂ ಮೀನನ್ನು ಬಿಡಬೇಕಾಗಿಲ್ಲ. ಯಾವುದನ್ನು ಬಿಡಬೇಕೆಂಬುದನ್ನು ವೈದ್ಯರನ್ನು ಕೇಳಿ ನಿರ್ಧರಿಸಿರಿ.

ಊಟವಾದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ದದ್ದು, ತುಟಿಯ ಬಾವು, ವಾಂತಿ ಕಾಣಿಸಿಕೊಂಡರೆ ಏನು ಉಂಡಿರೆಂಬುದನ್ನು ಬರೆದಿಟ್ಟುಕೊಂಡು ವೈದ್ಯರಿಗೆ ತಿಳಿಸಿರಿ. ಮೊದಲ ಸಲ ತಾನಾಗಿಯೇ ಶಮನವಾಯಿತೆಂದು ಮತ್ತೆ ತಿಂದು ಪರೀಕ್ಷಿಸಬೇಡಿರಿ. ಮುಂದಿನ ಸಲ ಅಷ್ಟಕ್ಕೇ ನಿಲ್ಲುವುದೆಂಬ ಭರವಸೆಯಿಲ್ಲ. ಉಸಿರು ಕಟ್ಟಿದರೆ, ಗಂಟಲು ಬಿಗಿದರೆ ಅಥವಾ ತಲೆಸುತ್ತು ಬಂದರೆ ಕೂಡಲೇ 108ಕ್ಕೆ ಕರೆ ಮಾಡಿರಿ. ರೋಗಿಯನ್ನು ನಡೆಸಬೇಡಿರಿ; ಮಲಗಿಸಿ ಕಾಲುಗಳನ್ನು ಎತ್ತರದಲ್ಲಿರಿಸಿರಿ. ಉಸಿರಾಟಕ್ಕೆ ಕಷ್ಟವಾದರೆ ಕೂರಿಸಿರಿ. ತುರಿಕೆಯ ಮಾತ್ರೆಯು ಅಡ್ರಿನಲಿನ್‌ಗೆ ಬದಲಿಯಲ್ಲ. ಗುಣವಾದಂತೆ ಕಂಡರೂ ಲಕ್ಷಣಗಳು ಮರುಕಳಿಸಬಹುದಾದ್ದರಿಂದ ಕೆಲವು ಗಂಟೆ ಆಸ್ಪತ್ರೆಯಲ್ಲಿಯೇ ಇರಬೇಕು.

ತಾಯಂದಿರಲ್ಲಿ ನನ್ನ ವಿಶೇಷ ವಿನಂತಿ: ಎಲ್ಲರಿಗೂ ಬಡಿಸಿದ ಮೇಲೆ ನನ್ನ ಸಂಕಟ ಹೇಳೋಣವೆಂದು ತಡೆಯಬೇಡಿರಿ. ಅಂದು ಆ ಗೃಹಿಣಿ ಇನ್ನಷ್ಟು ತಡ ಮಾಡಿದ್ದರೆ ಆ ಮಕ್ಕಳು ತಾಯಿಯಿಲ್ಲದವರಾಗುತ್ತಿದ್ದರು. ಇಂದು ಆಕೆ ಸಿಗಡಿಯನ್ನು ಬಿಟ್ಟು ಆರೋಗ್ಯವಾಗಿದ್ದಾರೆ.