ಜೇನಿಗೆ ಹೂ, ನಮಗೆ ಕಾಳು



ಇವತ್ತು ನಾವು ಜೇನಿನ ಬಗ್ಗೆ ಮಾತಾಡೋಣ. ಜೇನು ಅಂದ ಕೂಡಲೇ ನಮಗೆ ತುಪ್ಪ ನೆನಪಾಗುತ್ತದೆ. ಆದರೆ ಜೇನಿನಿಂದ ನಮಗೆ ಸಿಗುವ ದೊಡ್ಡ ಲಾಭ ತುಪ್ಪವಲ್ಲ. ಅದು ಹೊಲದ ಕಾಳು.

ನಮ್ಮ ನಾಡಿನ ಜೇನು ನಾಲ್ಕು ಬಗೆ. ದೊಡ್ಡ ಮರದಲ್ಲಿ, ಬಂಡೆಯಲ್ಲಿ ಕಟ್ಟೋದು ಹೆಜ್ಜೇನು. ಪೊದೆಯ ಕಡ್ಡಿಗೆ ಕಟ್ಟೋದು ಕೋಲುಜೇನು. ಪೊಟರೆಯಲ್ಲಿ ಇರೋದು ತುಡುವೆ. ಗೋಡೆ ಸಂದಿಯಲ್ಲಿ ಇರುವ, ಚುಚ್ಚದ ಸಣ್ಣ ಹುಳ ಮಿಸರಿ. ಗೂಡಿನಲ್ಲಿ ದುಡಿಯುವ ಹುಳಗಳೆಲ್ಲ ಹೆಣ್ಣೇ!

ಮಾಡದಕೆರೆ ಕಡೆ ನಾವು ರಾಗಿ ಹೊಲದ ಅಕ್ಕಡಿ ಸಾಲಿಗೆ ಹುಚ್ಚೆಳ್ಳು ಹಾಕುತ್ತೇವೆ. ಒಂದು ಗಿಡದ ಹೂಪುಡಿ ಇನ್ನೊಂದು ಗಿಡದ ಹೂವಿಗೆ ಸೇರಬೇಕು. ಆಗಲೇ ಹುಚ್ಚೆಳ್ಳು ಕಾಳು ಕಟ್ಟುತ್ತದೆ. ಆ ಪುಡಿ ಹೊತ್ತು ತರೋದು ಜೇನು. ಸೂರ್ಯಕಾಂತಿಗೂ ಹಾಗೆಯೇ. ಜೇನು ಬಾರದಿದ್ದರೆ ತೆನೆಯಲ್ಲಿ ಜೊಳ್ಳು ಹೆಚ್ಚು. ಬೀಜ, ಗೊಬ್ಬರದ ದುಡ್ಡು ಮಣ್ಣುಪಾಲು.

1991-92ರಲ್ಲಿ ನಮ್ಮ ರಾಜ್ಯದ ತುಡುವೆ ಜೇನಿಗೆ ದೊಡ್ಡ ರೋಗ ಬಂತು. ಅದರ ಹೆಸರು ಥಾಯ್ ಸ್ಯಾಕ್‌ಬ್ರೂಡ್. ಮರಿಗಳು ನೀರು ತುಂಬಿದ ಚೀಲದಂತಾಗಿ ಸತ್ತವು. ಬಹುಪಾಲು ಪೆಟ್ಟಿಗೆಗಳು ಖಾಲಿಯಾದವು. ಆಮೇಲೆ ತುಡುವೆ ಮತ್ತೆ ಹೆಚ್ಚಿದ್ದು ರೋಗ ತಾಳಿ ಉಳಿದ ಗೂಡುಗಳಿಂದ. ನಾವು ಬಿತ್ತನೆ ಬೀಜ ಕಾಯುವುದಿಲ್ಲವೇ? ಹಾಗೆಯೇ ಪೊಟರೆಯ ಗೂಡನ್ನೂ ಕಾಯಬೇಕು.

ಸೂರ್ಯಕಾಂತಿ ಹೂ ಕೆಲವೇ ವಾರ ಇರುತ್ತದೆ. ಉಳಿದ ತಿಂಗಳು ಜೇನು ಏನು ತಿನ್ನಬೇಕು? ಯುಗಾದಿ ಹೊತ್ತಿಗೆ ಹೊಂಗೆ, ಬೇವು ಹೂ ಬಿಡುತ್ತವೆ. ಮುಂಗಾರು ಬರುವಾಗ ಹುಣಸೆ. ದೀಪಾವಳಿ ಆಸುಪಾಸು ಹುಚ್ಚೆಳ್ಳು. ಬದುವಿನಲ್ಲಿ ತಂಗಡಿ, ತುಂಬೆ. ಬದು ಬೋಳಾದರೆ ಜೇನು ಉಪವಾಸ ಬೀಳುತ್ತದೆ. ಇಲ್ಲವೇ ಗೂಡು ಬಿಟ್ಟು ಹೋಗುತ್ತದೆ.

ಹಾಗಾದರೆ ನಾವೇನು ಮಾಡಬಹುದು?

ಬದುವಿಗೆ ಬೆಂಕಿ ಹಾಕೋದು ಬೇಡ. ಸೌದೆಗೆ ರೆಂಬೆ ಕಡಿಯೋಣ, ಮರ ಬಿಡೋಣ. ಅಕ್ಕಡಿ ಸಾಲು ಬಿಡದೆ ಹಾಕೋಣ. ಬೆಳೆ ಹೂವಾದಾಗ ಔಷಧಿ ಹೊಡೆಯದಿರೋಣ. ಹೊಡೆಯಲೇಬೇಕಾದರೆ ಜೇನು ಗೂಡು ಸೇರಿದ ಮೇಲೆ, ಸಂಜೆ ಹೊತ್ತು. ತುಪ್ಪಕ್ಕಾಗಿ ಗೂಡು ಸುಡೋದು ಬೇಡವೇ ಬೇಡ. ತುಪ್ಪದ ಎರಿ ಮಾತ್ರ ಕುಯ್ಯಲಿ, ಮರಿಯ ಎರಿ ಹಾಗೇ ಇರಲಿ. ಈ ಮಾತನ್ನು ಮನೆಯ ಗಂಡಸರಿಗೂ ಹೇಳೋಣ.

ಈಗ ನಮಗೆ ಬರೆಯಲು ಬರುತ್ತದೆ. ಹನ್ನೆರಡು ತಿಂಗಳ ಹೆಸರು ಬರೆಯೋಣ. ನಮ್ಮ ಹೊಲದಲ್ಲಿ ಯಾವ ತಿಂಗಳು ಯಾವ ಹೂ? ಅದರ ಮುಂದೆ ಬರೆಯೋಣ. ಎಲ್ಲಿ ಜಾಗ ಖಾಲಿ ಉಳಿಯಿತೋ, ಆ ತಿಂಗಳು ಹೂ ಬಿಡುವ ಒಂದು ಗಿಡ ಈ ಮಳೆಗಾಲದಲ್ಲೇ ನೆಡೋಣ.