ಸೇವೆಯಲ್ಲಿ ‘ಸ್ವಯಂ’ ಎಲ್ಲಿದೆ?

(ಬೊಮ್ಮಸಂದ್ರದಲ್ಲಿ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಚುನಾವಣೆ ಬಂತೆಂದರೆ ನಮ್ಮ ಬೀದಿಗಳಲ್ಲಿ ಹೆಂಗಸರದೇ ಓಡಾಟ. ಕಾರ್ಖಾನೆಯ ಪಾಳಿ ಮುಗಿಸಿ, ಮನೆಗೆ ಬಂದು ಅನ್ನಕ್ಕಿಟ್ಟು, ಮತದಾರರ ಪಟ್ಟಿ ಹಿಡಿದು ಮನೆಮನೆ ಹತ್ತಿಳಿಯುತ್ತಾರೆ. ಭಾರತೀಯ ಜನತಾ ಪಕ್ಷದಲ್ಲಂತೂ ಪಟ್ಟಿಯ ಒಂದೊಂದು ಪುಟಕ್ಕೂ ಒಬ್ಬ ‘ಪೇಜ್ ಪ್ರಮುಖ್’. ಪ್ರಚಾರಕ್ಕೆ ಬಂದ ಗಂಡಸು ಬಾಗಿಲಲ್ಲೇ ನಿಲ್ಲಬೇಕು. ಹೆಂಗಸು ಅರಿಸಿನ ಕುಂಕುಮದ ನೆಪದಲ್ಲಿ ಅಡುಗೆಮನೆಯವರೆಗೂ ಹೋಗಬಲ್ಲಳು. ಪಕ್ಷಗಳಿಗೆ ಇದು ಚೆನ್ನಾಗಿ ಗೊತ್ತು.

ಸಂಪ್ರದಾಯದ ಪರ ನಿಂತ ಪಕ್ಷಕ್ಕೆ ಹೆಂಗಸರು ದುಡಿಯುವುದನ್ನು ಕಂಡು ನಗುತ್ತಿದ್ದವರಲ್ಲಿ ನಾನೂ ಒಬ್ಬಳು. ಈಗ ನಗುವುದಿಲ್ಲ. ನಮ್ಮಂಥವರ ಸಭೆಗೆ ಹೊರಟರೆ ತಡೆಯುವ ಅತ್ತೆ, ಭಜನೆ, ದೀಪಪೂಜೆ, ದೇಶಸೇವೆ ಎಂದರೆ ಸೊಸೆಯನ್ನು ಕಳಿಸುತ್ತಾಳೆ. ಹಾಗೆ ಹೊಸ್ತಿಲು ದಾಟಿದವಳು ಮೈಕ್ ಹಿಡಿದು ಮಾತಾಡುವುದನ್ನು ಕಲಿಯುತ್ತಾಳೆ, ಕಚೇರಿಯ ಮೆಟ್ಟಿಲು ಹತ್ತುತ್ತಾಳೆ. ಅದು ಸಣ್ಣ ಗಳಿಕೆಯಲ್ಲ.

ಈ ದಾರಿ ಹೊಸದೂ ಅಲ್ಲ. 1936ರಲ್ಲಿ ವಾರ್ಧಾದಲ್ಲಿ ಲಕ್ಷ್ಮೀಬಾಯಿ ಕೇಳ್ಕರ್ ಎಂಬ ವಿಧವೆ ರಾಷ್ಟ್ರ ಸೇವಿಕಾ ಸಮಿತಿ ಕಟ್ಟಿದರು. ಆರೆಸ್ಸೆಸ್ ಗಂಡಸರದು, ಹೆಂಗಸರದು ಬೇರೆಯೇ ಆಗಲಿ ಎಂಬುದು ಹೆಡಗೇವಾರರ ಸಲಹೆಯಾಗಿತ್ತು. ಕಾಲೇಜಿನಲ್ಲಿ ಪಾಠ ಹೇಳಿದವಳು ನಾನು, ಪದಗಳ ಮೇಲೆ ಕಣ್ಣು ಹೋಗುತ್ತದೆ. ಗಂಡಸರು ‘ಸ್ವಯಂಸೇವಕ’ರು. ಹೆಂಗಸರು ಬರೀ ‘ಸೇವಿಕಾ’. ‘ಸ್ವಯಂ’ ಎಲ್ಲಿ ಹೋಯಿತು? ಪುಣ್ಯಕ್ಕೆ ನಿಮ್ಮ ಸಂಘದ ಹೆಸರಿನಲ್ಲಾದರೂ ‘ಸ್ವ’ ಉಳಿದಿದೆ!

ಪದದ ಆಟವೆಂದು ತಿಳಿಯಬೇಡಿ. ನನಗೆ ಪರಿಚಯದ ಒಬ್ಬಾಕೆ, ಹೆಸರು ಬೇಡ, ಹತ್ತು ವರ್ಷ ಒಂದು ಪಕ್ಷಕ್ಕಾಗಿ ದುಡಿದಳು. ವರದಕ್ಷಿಣೆ ಬಾಕಿಯೆಂದು ಗಂಡ ಹೊಡೆದು ಹಲ್ಲು ಮುರಿದಾಗ ಪಕ್ಷದ ಹಿರಿಯರ ಹತ್ತಿರ ಹೋದಳು. “ಮನೆ ಮಾತು ಬೀದಿಗೆ ಬರಬಾರದಮ್ಮ, ಅದರಲ್ಲೂ ಚುನಾವಣೆ ಹತ್ತಿರ ಇದೆ” ಎಂದರಂತೆ. ಮರುದಿನ ಬಾಯಿಗೆ ಸೆರಗು ಮುಚ್ಚಿಕೊಂಡು ಚೀಟಿ ಹಂಚಿದಳು.

ಉಳಿದ ಪಕ್ಷಗಳನ್ನೇನೂ ಹೊಗಳುತ್ತಿಲ್ಲ. 2023ರಲ್ಲಿ ನಮ್ಮ ವಿಧಾನಸಭೆಯ 224 ಸ್ಥಾನಗಳಿಗೆ ಎಲ್ಲ ಪಕ್ಷ ಸೇರಿ ಗೆದ್ದ ಹೆಂಗಸರು 10 ಜನ.

ಪಕ್ಷ ಬಿಡಿ ಎಂದು ನಾನು ಹೇಳುವುದಿಲ್ಲ, ಅದು ನಿಮ್ಮ ಇಷ್ಟ. ಆದರೆ ಮುಂದಿನ ಸಲ ಪಟ್ಟಿ ಕೈಗಿಡುವಾಗ ಕೇಳಿ: ನಮ್ಮಲ್ಲೊಬ್ಬಳು ಏಟು ತಿಂದರೆ ಪೊಲೀಸ್ ಠಾಣೆಗೆ ನಿಮ್ಮಲ್ಲಿ ಯಾರು ಬರುತ್ತೀರಿ? ಹೆಸರು ಬರೆಸಿಕೊಳ್ಳಿ. ಯಾರೂ ಬರದಿದ್ದರೆ ನೀವೇ ನಾಲ್ಕು ಜನ ಹೋಗಿ. ಮನೆ ಗಂಡನ ಹೆಸರಲ್ಲಿದ್ದರೂ ಅಲ್ಲಿ ವಾಸಿಸುವ ಹಕ್ಕು ಹೆಂಡತಿಗಿದೆ ಎನ್ನುತ್ತದೆ 2005ರ ಕೌಟುಂಬಿಕ ಹಿಂಸೆ ಕಾಯ್ದೆ. ಮಹಿಳಾ ಸಹಾಯವಾಣಿಯ ಸಂಖ್ಯೆ 181. ನಿಮ್ಮ ಸಂಘದ ಸಾಲದ ಪುಸ್ತಕದ ಮೊದಲ ಪುಟದಲ್ಲೇ ಈಗಲೇ ಬರೆದುಕೊಳ್ಳಿ, ನಾನು ಕಾಯುತ್ತೇನೆ.