ವಿಜ್ಞಾನಿಯ ಬೆಲೆ ಕಟ್ಟುವುದು ಹೇಗೆ?



ಸಂತೆಯಲ್ಲಿ ಹೋರಿ ಕೊಳ್ಳುವಾಗ ನೀವು ಏನೇನು ನೋಡುತ್ತೀರಿ? ಹಲ್ಲು ನೋಡುತ್ತೀರಿ, ಸುಳಿ ನೋಡುತ್ತೀರಿ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೀರಿ. ಉಳುವ ಎತ್ತಿಗೆ ಇಷ್ಟು ಸಾಕು. ಆದರೆ ಹಾಲಿನ ತಳಿಗೆ ಬೀಜದ ಹೋರಿ ಆರಿಸುವಾಗ ಇದು ಸಾಲದು. ಹೋರಿಯೇನು ಹಾಲು ಕೊಡುವುದಿಲ್ಲವಲ್ಲ! ಅದಕ್ಕೆ ಹುಟ್ಟಿದ ಹೆಣ್ಣು ಕರುಗಳು ದೊಡ್ಡವಾಗಿ, ಈದು, ಎಷ್ಟೆಷ್ಟು ಹಾಲು ಕೊಟ್ಟವು ಎಂದು ಲೆಕ್ಕ ನೋಡಿದ ಮೇಲೆಯೇ ಹೋರಿಯ ಗುಣ ತಿಳಿಯುವುದು.

ವಿಜ್ಞಾನಿಯ ಗುಣವನ್ನು ಅಳೆಯುವವರೂ ಹೀಗೆಯೇ ಒಂದು ದಾರಿ ಹುಡುಕಿಕೊಂಡಿದ್ದಾರೆ. ಅವರು ಏನು ಕಂಡುಕೊಂಡರೋ ಅದನ್ನು ಪತ್ರಿಕೆಯಲ್ಲಿ ಲೇಖನವಾಗಿ ಪ್ರಕಟಿಸುತ್ತಾರೆ. ಮುಂದೆ ಇನ್ನೊಬ್ಬರು ಅದರ ಆಧಾರದ ಮೇಲೆ ಕೆಲಸ ಮಾಡಿದರೆ, ‘ಇದನ್ನು ಇಂಥವರಿಂದ ತಿಳಿದೆ’ ಎಂದು ತಮ್ಮ ಲೇಖನದಲ್ಲಿ ಹೆಸರು ಹೇಳುತ್ತಾರೆ. ಇದಕ್ಕೆ ಉಲ್ಲೇಖ ಎನ್ನುತ್ತಾರೆ. ಉಲ್ಲೇಖಗಳು ಲೇಖನದ ಮಕ್ಕಳಿದ್ದಂತೆ. ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ ಎಂಬುವರು 1955ರಲ್ಲಿ ಇವುಗಳ ಪಟ್ಟಿ ಇಡಬೇಕೆಂದು ಸೂಚಿಸಿ, 1960ರ ದಶಕದಲ್ಲಿ ಅದನ್ನು ನಡೆಸಿಯೂ ತೋರಿಸಿದರು. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಇನ್ನೊಂದು ಅಳತೆ ತಂದರು. ಒಬ್ಬರ ಹತ್ತು ಲೇಖನಗಳು ತಲಾ ಹತ್ತು ಸಲವಾದರೂ ಉಲ್ಲೇಖವಾಗಿದ್ದರೆ ಅವರ ಅಂಕ ಹತ್ತು. ಇಪ್ಪತ್ತು ಲೇಖನಗಳು ತಲಾ ಇಪ್ಪತ್ತು ಸಲವಾದರೆ ಇಪ್ಪತ್ತು. ಲೆಕ್ಕ ಸುಲಭ.

‘ಅಯ್ಯಾ, ಈ ಕಾಗದದ ಲೆಕ್ಕ ನಮ್ಮ ಕೊಟ್ಟಿಗೆಗೆ ಯಾಕೆ?’ ಅಂತೀರಾ? ಕೇಳಿ.

1940ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ಕ್ರಿಸ್ ಪೋಲ್ಜ್ ಎಂಬ ಹುಡುಗ ಕೋಳಿ ಹುಂಜದ ವೀರ್ಯವನ್ನು ಹೆಪ್ಪುಗಟ್ಟಿಸಿ ಉಳಿಸಲು ಹೆಣಗುತ್ತಿದ್ದ. ಹಣ್ಣಿನ ಸಕ್ಕರೆಯ ದ್ರಾವಣ ಬೆರೆಸಿ ನೋಡಿದ, ಫಲವಿಲ್ಲ. ಕೆಲವು ತಿಂಗಳ ಮೇಲೆ ಅದೇ ದ್ರಾವಣವೆಂದುಕೊಂಡು ಮತ್ತೆ ಬೆರೆಸಿದ. ಈ ಸಲ ವೀರ್ಯಾಣುಗಳು ಬದುಕಿದವು! ಬಾಟಲಿಯಲ್ಲಿ ಉಳಿದಿದ್ದನ್ನು ಪರೀಕ್ಷೆ ಮಾಡಿಸಿದರೆ ಅದು ಸಕ್ಕರೆಯೇ ಅಲ್ಲ, ಗ್ಲಿಸರಿನ್ ಇದ್ದ ಬೇರೆ ದ್ರಾವಣ. ಬಾಟಲಿ ಅದಲುಬದಲಾಗಿತ್ತು. ಆಡ್ರಿ ಸ್ಮಿತ್, ಆಲನ್ ಪಾರ್ಕ್ಸ್ ಅವರೊಡನೆ ಪೋಲ್ಜ್ 1949ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪುಟ್ಟದೊಂದು ಲೇಖನ ಬರೆದರು.

ಅದರ ಸಂತತಿ ನೋಡಿ. 1950ರ ದಶಕದ ಆರಂಭದಲ್ಲಿಯೇ ಹೆಪ್ಪುಗಟ್ಟಿಸಿದ ವೀರ್ಯದಿಂದ ಕರು ಹುಟ್ಟಿತು. ಇಂದು ಕಡ್ಡಿಗಳಲ್ಲಿ ತುಂಬಿದ ವೀರ್ಯವನ್ನು ಸೊನ್ನೆಗಿಂತ 196 ಡಿಗ್ರಿ ಕೆಳಗಿರುವ ದ್ರವ ಸಾರಜನಕದಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಹೋರಿಯ ಹೆಣ್ಣುಮಕ್ಕಳ ಹಾಲು ಅಳೆದು ಮುಗಿಯುವವರೆಗೂ, ಹೋರಿ ಸತ್ತ ಮೇಲೂ, ಅದರ ವೀರ್ಯ ಕಾದಿರುತ್ತದೆ. ನಮ್ಮ ಹೆಸರಘಟ್ಟದ ಕೇಂದ್ರದಲ್ಲಿ ತಯಾರಾಗುವುದೂ ಇಂಥದೇ ಕಡ್ಡಿ. ಪೋಲ್ಜ್ ಅವರಿಗೆ 1988ರಲ್ಲಿ ವುಲ್ಫ್ ಪ್ರಶಸ್ತಿ, 1992ರಲ್ಲಿ ಜಪಾನ್ ಪ್ರಶಸ್ತಿ ಬಂದವು.

ಈಗ ತೂಕದ ತಕ್ಕಡಿಯ ಐಬನ್ನೂ ಹೇಳಬೇಕು. ಒಬ್ಬರು ಒಂದೇ ಲೇಖನ ಬರೆದು, ಅದು ಸಾವಿರ ಸಲ ಉಲ್ಲೇಖವಾದರೂ ಹಿರ್ಷ್ ಅಳತೆಯಲ್ಲಿ ಅವರ ಅಂಕ ಒಂದೇ! ತಮ್ಮ ಲೇಖನವನ್ನು ತಾವೇ ಉಲ್ಲೇಖಿಸಿ ಲೆಕ್ಕ ಬೆಳೆಸುವವರೂ ಉಂಟು. ಇನ್ನೊಂದು ದೊಡ್ಡ ಐಬು: ಮಾತು ಎಲ್ಲರದೂ ಆದ ಮೇಲೆ, ಅದನ್ನು ಮೊದಲು ಹೇಳಿದವರ ಹೆಸರು ಮರೆತೇ ಹೋಗುತ್ತದೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ ಚುಚ್ಚಿಸಿ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಚುಚ್ಚಿಸಿ ಎಂದು ಪಶುವೈದ್ಯರು ಹೇಳುವುದಿಲ್ಲವೇ? ಅದರ ಹಿಂದೆ ಅಮೆರಿಕದ ನೆಬ್ರಾಸ್ಕದಲ್ಲಿ ಟ್ರಿಂಬರ್ಗರ್ ಎಂಬುವರು 1940ರ ದಶಕದಲ್ಲಿ ಹಸುಗಳ ಮೇಲೆ ನಡೆಸಿದ ದುಡಿಮೆಯಿದೆ. ಆ ಮಾತನ್ನು ಹೇಳುವಾಗ ಅವರ ಹೆಸರನ್ನು ನೆನೆಯುವವರು ಯಾರು? ಅಷ್ಟೇಕೆ, 1939ರಲ್ಲಿ ಮೈಸೂರಿನ ಅರಮನೆ ಡೈರಿಯಲ್ಲಿ ಭಾರತದ ಮೊದಲ ಕೃತಕ ಗರ್ಭಧಾರಣೆ ಮಾಡಿದ ಸಂಪತ್ ಕುಮಾರನ್ ಅವರ ಹೆಸರು ನಮ್ಮಲ್ಲೇ ಎಷ್ಟು ಜನಕ್ಕೆ ಗೊತ್ತು?

ಆದ್ದರಿಂದ ಅಂಕ ನೋಡಿ, ಆದರೆ ಅಂಕವನ್ನೇ ನಂಬಬೇಡಿ. ಕೊಂಬು ನೋಡಿ ಹೋರಿ ಕೊಂಡಂತಾದೀತು. ಆ ಕೆಲಸದಿಂದ ಏನು ಬೆಳೆಯಿತು ಎಂದು ಕೇಳಿ.

ಕೊನೆಗೆ ಒಂದು ಮಾತು. ವಿಜ್ಞಾನಿಗೆ ಪ್ರಕಟಣೆ ಇದ್ದಂತೆ ನಿಮಗೂ ಒಂದು ಪುಸ್ತಕ ಬೇಕು. ಎರಡಾಣೆಯ ಕಾಲ ಹೋಯಿತು; ಹತ್ತಿಪ್ಪತ್ತು ರೂಪಾಯಿಯ ನೋಟ್‌ಬುಕ್ ಸಾಕು. ಹಸು ಬೆದೆಗೆ ಬಂದ ದಿನ ಮತ್ತು ಹೊತ್ತು, ಚುಚ್ಚಿಸಿದ ದಿನ, ಕಡ್ಡಿಯ ಮೇಲಿನ ಹೋರಿಯ ನಂಬರು, ಗಬ್ಬದ ಪರೀಕ್ಷೆ, ಈದ ದಿನ ಇವಿಷ್ಟನ್ನು ಬರೆದಿಡಿ. ಒಂದು ಬೆದೆ ತಪ್ಪಿದರೆ ಸುಮಾರು 21 ದಿನ ಕಾಯಬೇಕು. ಮೇವು ತಿನ್ನುವುದು ನಿಲ್ಲುವುದಿಲ್ಲ, ಹಾಲು ಮಾತ್ರ ಅಷ್ಟು ತಡವಾಗುತ್ತದೆ. ಯಾವ ಹೋರಿಯ ಮಗಳು ಎಷ್ಟು ಹಾಲು ಕೊಟ್ಟಳೆಂದು ನಿಮ್ಮ ಪುಸ್ತಕವೇ ಹೇಳಬೇಕು. ಪೋಲ್ಜ್ ಅವರ ಪುಟ್ಟ ಲೇಖನಕ್ಕೆ ಕೊಟ್ಟಿಗೆಯಲ್ಲಿ ಬರೆಯುವ ಉಲ್ಲೇಖ ಅದೇ.